ಹೊಳ್ಳಿ ಬರುವ ದಾರಿ ಮೊದಲು ನೋಡಿ

ಹೋದ ಆಷಾಢದಲ್ಲಿ ಆನೆಗೊಂದಿ ಕಡೆಯ ಒಬ್ಬ ಹುಡುಗ ಕ್ಯಾರಿಬ್ಯಾಗ್‌ನಲ್ಲಿ ಡ್ರೋನ್ ಹಾಕಿಕೊಂಡು ಗಂಗಾವತಿಯ ನಮ್ಮ ಅಂಗಡಿಗೆ ಬಂದ. ಮೂರು ರೆಕ್ಕೆ ಮುರಿದಿದ್ದವು. ನಾಲ್ಕನೆಯದು ನೋಡಲು ಸರಿ ಇತ್ತು. ಆದರೆ ಬೆರಳಲ್ಲಿ ತಿರುಗಿಸಿದರೆ ಮೋಟಾರಿನೊಳಗೆ ಕರಕರ ಸದ್ದು, ಕಲ್ಲುಪುಡಿ ಸೇರಿಕೊಂಡಿತ್ತು. ಕ್ಯಾಮೆರಾ ಒಂದು ಸಣ್ಣ ಪಟ್ಟಿ ಕೇಬಲ್ ಮೇಲೆ ಜೋತಾಡುತ್ತಿತ್ತು.

"ಹೋಗೂವಾಗ ಭಾಳ ಚಲೋ ಹೋತ್ರಿ ಸರ್. ಹೊಳ್ಳಿ ಬರೂವಾಗ ಏನಾತೋ ಗೊತ್ತಾಗ್ಲಿಲ್ರಿ" ಅಂದ.

ನನ್ನ ಟೇಬಲ್ಲಿಗೆ ಬರುವ ಡ್ರೋನ್‌ಗಳಲ್ಲಿ ಜಾಸ್ತಿ ಪಾಲು ಇದೇ ಕಥೆ. ಹೋಗುವಾಗ ಬಿದ್ದವು ಕಡಿಮೆ, ಬರುವಾಗ ಬಿದ್ದವೇ ಹೆಚ್ಚು. ಅವನ ಫೋನಿನಲ್ಲಿ ಆ್ಯಪ್ ತೆರೆದು ರಿಟರ್ನ್ ಟು ಹೋಮ್ ಎತ್ತರ ನೋಡಿದೆ, ಅಂದರೆ ಸಿಗ್ನಲ್ ತಪ್ಪಿದಾಗ ಡ್ರೋನ್ ಎದ್ದ ಜಾಗಕ್ಕೆ ತಾನಾಗಿ ಹೊಳ್ಳಿ ಬರುವ ಎತ್ತರ. 30 ಮೀಟರ್. ಅವನು ಹಾರಿಸಿದ್ದು ಗುಡ್ಡದ ಬುಡದ ಗದ್ದೆ ಬದುವಿನಿಂದ. ಡ್ರೋನ್ ಬಂಡೆಗಳ ಹಿಂದಕ್ಕೆ ಹೋಯಿತು, ಸಿಗ್ನಲ್ ತಪ್ಪಿತು. ಹೇಳಿದ ಮಾತು ಕೇಳುವ ಯಂತ್ರ ಅದು. 30 ಮೀಟರ್‌ಗೆ ಏರಿ, ಮನೆ ಕಡೆ ನೇರ ಗೆರೆ ಹಿಡಿದು ಹೊರಟಿತು. ನಡುವೆ ಅದಕ್ಕಿಂತ ಎತ್ತರದ ಬಂಡೆ ಇತ್ತು.

ಇಲ್ಲೊಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಿ. ಪರದೆ ಮೇಲೆ ಕಾಣುವ ಎತ್ತರ, ನೀವು ಡ್ರೋನ್ ಎಬ್ಬಿಸಿದ ಜಾಗದಿಂದ ಅಳೆದದ್ದು. ಅದರ ಕೆಳಗಿರುವ ನೆಲದಿಂದ ಅಲ್ಲ. ಗುಡ್ಡದ ತುದಿಯಿಂದ ಎಬ್ಬಿಸಿ ಗದ್ದೆಗೆ ಇಳಿಸಿದರೆ ಮೈನಸ್ ಅಂಕಿ ತೋರಿಸುತ್ತದೆ. ಬುಡದಿಂದ ಎಬ್ಬಿಸಿ 50 ಮೀಟರ್ ಏರಿಸಿದರೂ ಬಂಡೆ ನೆತ್ತಿಯಿಂದ ಅದು ಐದೇ ಮೀಟರ್ ಮೇಲಿರಬಹುದು. ಸಿಂಧನೂರಿನ ಬಯಲಲ್ಲಿ ಕಲಿತವರು ಆನೆಗೊಂದಿಗೆ ಬಂದು ಸೋಲುವುದು ಇದಕ್ಕೇ. ಹಾರಿಸುವ ಮುಂಚೆ ಒಂದು ಕೆಲಸ ಮಾಡಿ. ಡ್ರೋನನ್ನು ನಿಂತಲ್ಲೇ ಮೇಲಕ್ಕೆ ಏರಿಸಿ, ಕ್ಯಾಮೆರಾ ಮೇಲೆ ಕೆಳಗೆ ಬಾಗಿಸದೆ ನೇರ ಮುಂದಕ್ಕೆ ಇಡಿ. ಸುತ್ತಲಿನ ಅತಿ ಎತ್ತರದ ಬಂಡೆಯ ನೆತ್ತಿ ಪರದೆಯ ನಡುಗೆರೆಗೆ ಬಂದಾಗ ಅಂಕಿ ನೋಡಿ. ಅದಕ್ಕೆ 20 ಮೀಟರ್ ಸೇರಿಸಿ ರಿಟರ್ನ್ ಎತ್ತರ ಇಡಿ. ಒಂದು ನಿಮಿಷದ ಕೆಲಸ ಅಷ್ಟೇ.

ಇನ್ನೊಂದು ಗಾಳಿ. ಮುಂಗಾರಿನಲ್ಲಿ ನಮ್ಮ ಕಡೆ ಅದು ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ನೆಲದ ಮೇಲೆ ಅಂಗಿ ಸ್ವಲ್ಪ ಅಲುಗಿದರೆ, ಮೇಲೆ ಅದರ ಜೋರೇ ಬೇರೆ. ಒಂದು ಲೆಕ್ಕ ಮಾಡೋಣ. ಡ್ರೋನಿನ ಸ್ವಂತ ವೇಗ ಸೆಕೆಂಡಿಗೆ 10 ಮೀಟರ್, ಗಾಳಿಯದು 6 ಮೀಟರ್ ಅಂತ ಇಟ್ಟುಕೊಳ್ಳಿ. ಗಾಳಿ ಬೆನ್ನಿಗಿದ್ದರೆ ಒಂದು ಕಿಲೋಮೀಟರ್ ಹೋಗಲು ಸುಮಾರು ಒಂದು ನಿಮಿಷ. ಅದೇ ದಾರಿಯಲ್ಲಿ ಎದುರುಗಾಳಿಗೆ ಬರಲು ನಾಲ್ಕು ನಿಮಿಷದ ಮೇಲೆ. ಬ್ಯಾಟರಿ ಅರ್ಧಕ್ಕೆ ಬಂದಾಗ ತಿರುಗಿಸುತ್ತೇನೆ ಅನ್ನುವವರು ಇದನ್ನು ಒಂದು ಸಲ ಚೀಟಿಯಲ್ಲಿ ಬರೆದು ನೋಡಬೇಕು. ಎದುರುಗಾಳಿಗೆ ಸಿಕ್ಕಿಕೊಂಡರೆ, ಕೆಳಗೆ ಏನೂ ಅಡ್ಡ ಇಲ್ಲ ಅಂತ ಖಾತ್ರಿ ಇದ್ದರೆ ಎತ್ತರ ಇಳಿಸಿ. ಕೆಳಗೆ ಗಾಳಿ ಕಡಿಮೆ.

ಅದಕ್ಕೇ ನಾನು ಹುಡುಗರಿಗೆ ಹೇಳುವುದು, ಮೊದಲು ಗಾಳಿಗೆ ಎದುರಾಗಿ ಹೋಗಿ. ಇದು ಬ್ಯಾಟರಿ ಉಳಿಸುವ ಉಪಾಯ ಮಾತ್ರ ಅಲ್ಲ, ಒಳ್ಳೆಯ ಶಾಟ್ ಸಿಗುವುದೂ ಇದರಲ್ಲೇ. ನಾಟಿ ಸಮಯದ ಗದ್ದೆ ನೋಡಿ. ಸಂಜೆ ಐದೂವರೆ ಮೇಲೆ, ಸೂರ್ಯ ಪಡುವಣಕ್ಕೆ ಇಳಿದಾಗ ಮಡಿಗಳಲ್ಲಿ ನಿಂತ ನೀರು ತಗಡಿನಂತೆ ಹೊಳೆಯುತ್ತದೆ. ಪಡುವಣಕ್ಕೆ ಮುಖ ಮಾಡಿ, ಐದಾರು ಮೀಟರ್ ಎತ್ತರದಲ್ಲಿ ನಿಧಾನ ಹೋಗಿ. ನೋಡುತ್ತಾ ಹೋಗಿ, ಕರೆಂಟ್ ತಂತಿ ಇದೆಯಾ, ಬೇವಿನ ಕೊಂಬೆ ಇದೆಯಾ. ತೆಳು ತಂತಿ ಹೆಚ್ಚಿನ ಡ್ರೋನ್‌ಗಳ ಸೆನ್ಸರ್‌ಗೆ ಸರಿಯಾಗಿ ಕಾಣುವುದಿಲ್ಲ. ತುದಿ ಮುಟ್ಟಿದ ಮೇಲೆ ರೆಕಾರ್ಡ್ ಒತ್ತಿ, ಮುಖ ತಿರುಗಿಸದೆ ಅದೇ ಗೆರೆಯಲ್ಲಿ ಹಿಂದಕ್ಕೆ ಎಳೆಯಿರಿ. ಒಂದು ಸಸಿ ಸಾಲು, ಆಮೇಲೆ ಬಾಗಿದ ಬೆನ್ನುಗಳು, ಆಮೇಲೆ ಇಡೀ ಬಯಲು ತೆರೆದುಕೊಳ್ಳುತ್ತದೆ. ಹಿಂದಕ್ಕೆ ಹಾರುವುದು ಕುರುಡು ಹಾರಾಟ. ಆದರೆ ಈ ದಾರಿ ನೀವು ಈಗಷ್ಟೇ ನೋಡಿ ಬಂದದ್ದು, ಅಲ್ವಾ? ಗಾಳಿಯೂ ಮನೆ ಕಡೆಗೇ ತಳ್ಳುತ್ತಿರುತ್ತದೆ.

ಆ ಬೆಳಕಿಗೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕು. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ 50ರಲ್ಲಿ ಒಂದು ಸೆಕೆಂಡ್ ಆಸುಪಾಸು ಇದ್ದರೆ ನೀರು, ಎಲೆ ಎಲ್ಲ ಮೆತ್ತಗೆ ಹರಿಯುತ್ತವೆ. ಫಿಲ್ಟರ್ ಇಲ್ಲದಿದ್ದರೆ ಶಟರ್ ಸಾವಿರದಲ್ಲಿ ಒಂದು ಸೆಕೆಂಡಿಗಿಂತ ಚುರುಕಾಗಿ ಓಡಿ ಚಿತ್ರ ಚಟಪಟ ಅನ್ನುತ್ತದೆ. ಮತ್ತೆ, ಗದ್ದೆಯಲ್ಲಿರುವ ಹೆಣ್ಣುಮಕ್ಕಳನ್ನು ಮೊದಲು ಕೇಳಿ. "ಅಕ್ಕಾರ, ವಿಡಿಯೋ ತಗೀಲೇನ್ರಿ?" ಅಂದರೆ ಸಾಕು. ಬೇಡ ಅಂದರೆ ಬೇಡ.

ಸಾಣಾಪುರ ಕೆರೆಯಲ್ಲಿ ಮಾತ್ರ ಇಷ್ಟು ಕೆಳಗೆ ಹೋಗಬೇಡಿ. ಹೊಟ್ಟೆಯ ಸೆನ್ಸರ್‌ಗೆ ಅಲುಗುವ ನೀರು ನೆಲ ಅನ್ನಿಸುವುದಿಲ್ಲ, ಡ್ರೋನ್ ತಾನಾಗಿ ಕುಸಿಯಬಹುದು. ನನ್ನ ಒಂದು ಡ್ರೋನ್ ನೀರು ಪಾಲಾಗಿದ್ದು ಹೀಗೇ. ಇನ್ನು ಬಂಡೆಗಳ ಕೆಳಗೆ ಕಪ್ಪಗೆ ಜೋತಿರುವುದು ನೆರಳಲ್ಲ, ಹೆಜ್ಜೇನು. ಅದರ ಹತ್ತಿರ ರೆಕ್ಕೆ ಸದ್ದು ಹೋದರೆ ಕಚ್ಚಿಸಿಕೊಳ್ಳುವವರು ಕೆಳಗಿನ ಕುರಿಗಾಹಿಗಳು, ದನ ಮೇಯಿಸುವ ಮಕ್ಕಳು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ ನೀರುನಾಯಿಗಳ ಸಂರಕ್ಷಿತ ಜಾಗ. ಅಲ್ಲಿಯೂ ಬೇಡ.

ಕಾನೂನಿನ ಮಾತು ಚಿಕ್ಕದಾಗಿ. 2021ರ ಡ್ರೋನ್ ನಿಯಮಗಳ ಪ್ರಕಾರ ಎರಡು ಕೆಜಿವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. 250 ಗ್ರಾಂ ದಾಟಿದ್ದರಲ್ಲಿ ದುಡ್ಡಿಗೆ ಮದುವೆ ಶೂಟಿಂಗ್ ಮಾಡಿದರೆ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಜಾಗ ಹಸಿರಿದೆಯಾ, ಅಂದರೆ ಹಾರಿಸಲು ಮುಂಚೆ ಅನುಮತಿ ಬೇಡವಾ, ನೋಡಿ. ಹಸಿರಿದ್ದರೂ ಮಿತಿ 120 ಮೀಟರ್. ಮುನಿರಾಬಾದ್ ಡ್ಯಾಂ, ಶಕ್ತಿನಗರದ ಥರ್ಮಲ್ ಸ್ಥಾವರದ ಆಸೆ ಬಿಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಅನುಮತಿ ಇಲ್ಲದೆ ಹೋಗಬೇಡಿ.

ಆ ಹುಡುಗನ ಡ್ರೋನ್ ರೆಡಿಯಾಗಲು ಮೂರು ವಾರ ಬೇಕಾಯಿತು. ಒಂದು ಸಂಜೆ ಅವನ ಜೊತೆ ನಾನೇ ಹೋದೆ. ಅದೇ ಗದ್ದೆ, ಅದೇ ಬದು. ನಡುಗೆರೆ ಹಿಡಿದು ಬಂಡೆ ಅಳೆದ, 65 ಮೀಟರ್. ರಿಟರ್ನ್ 85ಕ್ಕೆ ಇಟ್ಟ. ಎದುರುಗಾಳಿಗೆ ಹೋದ, ಹಿಂದಕ್ಕೆ ಎಳೆದುಕೊಂಡು ಬಂದ. ಇಳಿಸಿದಾಗ ಬ್ಯಾಟರಿ ಇನ್ನೂ 41 ಪರ್ಸೆಂಟ್ ಇತ್ತು.