25ಕ್ಕೆ ಗ್ಲೌಸ್ ಹಾಕಿದವರು ಪ್ರೊ ಬಾಕ್ಸರ್ ಆಗಬಹುದಾ?

ಪ್ರಶ್ನೆ: ನನಗೆ ಈಗ 25. ಇರುವುದು ಕಲಬುರಗಿಯಲ್ಲಿ, ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಎಂಟು ತಿಂಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಕೆಲಸ ಬಿಟ್ಟು ಪ್ರೊ ಬಾಕ್ಸರ್ ಆಗಬೇಕು ಅನ್ನುವ ಆಸೆ ಇದೆ. ವಿಜೇಂದರ್ ಸಿಂಗ್ ಪ್ರೊ ಆಗಿದ್ದೇ 29ಕ್ಕೆ ಅಲ್ವಾ? ನನಗೆ ತಡ ಆಗಿದೆಯಾ? ಮನೆಯಲ್ಲಿ ಏನಂತ ಹೇಳಲಿ?

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. ವಯಸ್ಸು ಮಾತ್ರ ಬೇರೆ ಬೇರೆ. ಒಬ್ಬರಿಗೆ 22, ಇನ್ನೊಬ್ಬರಿಗೆ 31. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು ಕೇಳಿದ್ದಾರೆ. ಬೀದರ್‌ನಲ್ಲಿ ಡಿಗ್ರಿ ಓದುವ ಹುಡುಗಿ ಕೇಳಿದ್ದಾಳೆ. ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ಓಡಾಡಿದವನೇ. ಮೊದಲ ಸಲ ಗ್ಲೌಸ್ ಹಾಕಿದಾಗ ನನಗೆ 23 ತುಂಬಿತ್ತು. ದುಡ್ಡಿಗೆ ಆಡುವ ಪ್ರೊ ಪಂದ್ಯ ಅಲ್ಲ, ಪದಕಕ್ಕೆ ಆಡುವ ಅಮೆಚೂರ್ ಪಂದ್ಯ ಹನ್ನೊಂದು ಆಡಿದೆ, ಐದು ಗೆದ್ದೆ. ಪ್ರೊ ಆಗಲಿಲ್ಲ. ಈಗ ಬೆಳಗಿನ ಹೊತ್ತು ಹುಡುಗರಿಗೆ ಕಲಿಸುತ್ತೇನೆ.

ನೇರವಾಗಿಯೇ ಹೇಳುತ್ತೇನೆ. ರಿಂಗ್‌ಗೆ ಇಳಿಯಲು ನಿಮಗೆ ತಡ ಆಗಿಲ್ಲ. ಆದರೆ ಈಗಲೇ ಕೆಲಸ ಬಿಡಬೇಡಿ. ಪ್ರೊ ಆಗಬೇಕಾ ಬೇಡವಾ ಅನ್ನುವುದನ್ನು ಇವತ್ತು ತೀರ್ಮಾನ ಮಾಡಲು ಆಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ವಯಸ್ಸಿದೆ, ತಿಂಗಳ ಲೆಕ್ಕ ಇದೆ, ಪಂದ್ಯದ ಲೆಕ್ಕ ಇಲ್ಲ. ನನಗೆ ಬೇಕಾಗಿದ್ದು ಅದೇ.

ಮೊದಲು ವಿಜೇಂದರ್ ವಿಷಯ. ಅವರ ಮೊದಲ ಪ್ರೊ ಪಂದ್ಯ ನಡೆದಿದ್ದು 2015ರ ಅಕ್ಟೋಬರ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಆಗ ಅವರಿಗೆ 29 ಅನ್ನುವುದು ನಿಜ. ಆದರೆ ಅವರು ಹರಿಯಾಣದ ಭಿವಾನಿಯಲ್ಲಿ ಚಿಕ್ಕ ಹುಡುಗನಿದ್ದಾಗಲೇ ಕಲಿತವರು. 2004, 2008, 2012, ಮೂರು ಒಲಿಂಪಿಕ್ಸ್ ಆಡಿದ್ದರು. ಬೀಜಿಂಗ್‌ನಲ್ಲಿ ಕಂಚು ತಂದಿದ್ದರು. ಅವರು ಪ್ರೊ ಆಗಿದ್ದು ತಡವಾಗಿ, ಶುರು ಮಾಡಿದ್ದು ತಡವಾಗಿ ಅಲ್ಲ. ಈ ಎರಡನ್ನೂ ನಮ್ಮ ಹುಡುಗರು ಒಂದೇ ಅಂದುಕೊಳ್ಳುತ್ತಾರೆ. ಉಕ್ರೇನ್‌ನ ವಾಸಿಲ್ ಲೊಮಾಚೆಂಕೊ 2013ರಲ್ಲಿ ಪ್ರೊ ಆದಾಗ ಅವರ ಅಮೆಚೂರ್ ಲೆಕ್ಕ 396 ಗೆಲುವು, ಒಂದು ಸೋಲು. ಮೂರನೇ ಪ್ರೊ ಪಂದ್ಯದಲ್ಲೇ ವಿಶ್ವ ಪಟ್ಟ ಗೆದ್ದರು. ಪ್ರೊ ರಿಂಗ್‌ನ ಎದುರು ಮೂಲೆಯಲ್ಲಿ ಇಂಥ ಲೆಕ್ಕ ಇಟ್ಟುಕೊಂಡವರೂ ನಿಂತಿರುತ್ತಾರೆ.

ಹಾಗಾದರೆ ತಡವಾಗಿ ಶುರು ಮಾಡಿ ಮೇಲೆ ಬಂದವರು ಯಾರೂ ಇಲ್ಲವಾ? ಇದ್ದಾರೆ. ಅಮೆರಿಕದ ಡಿಯೊಂಟೇ ವೈಲ್ಡರ್ 2005ರಲ್ಲಿ, ಸುಮಾರು 20ನೇ ವಯಸ್ಸಿಗೆ ಜಿಮ್‌ಗೆ ಹೋದರು. ಮಗಳಿಗೆ ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇತ್ತು, ಆ ಖರ್ಚಿಗೆ ದುಡ್ಡು ಬೇಕಿತ್ತು. ಮೂರೇ ವರ್ಷಕ್ಕೆ ಒಲಿಂಪಿಕ್ ಕಂಚು, 2015ಕ್ಕೆ ವಿಶ್ವ ಚಾಂಪಿಯನ್. ಆಂಥೊನಿ ಜೋಶುವಾ ಶುರು ಮಾಡಿದ್ದು 18ಕ್ಕೆ, ಐದು ವರ್ಷಕ್ಕೆ ಒಲಿಂಪಿಕ್ ಚಿನ್ನ. ಕೆನ್ ನಾರ್ಟನ್ ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಕಲಿತವರು, 1973ರಲ್ಲಿ ಮುಹಮ್ಮದ್ ಅಲಿಯನ್ನೇ ಸೋಲಿಸಿದರು. ರಾಕಿ ಮಾರ್ಸಿಯಾನೊ ಕೂಡ ಸೈನ್ಯಕ್ಕೆ ಹೋದ ಮೇಲೆ ಬಾಕ್ಸಿಂಗ್ ಹಿಡಿದವರು. 49 ಪ್ರೊ ಪಂದ್ಯ ಆಡಿ 49ನ್ನೂ ಗೆದ್ದು ನಿಲ್ಲಿಸಿದರು.

ಈ ನಾಲ್ಕೂ ಜನರ ತೂಕ ನೋಡಿ. ಎಲ್ಲರೂ ಹೆವಿವೇಟ್, ಅಂದರೆ ಭಾರೀ ತೂಕದವರು. ವೈಲ್ಡರ್ ಎರಡು ಮೀಟರ್ ಎತ್ತರದ ಆಳು. ಆ ತೂಕದಲ್ಲಿ ಎದುರಾಳಿಗಳೇ ಕಡಿಮೆ. ಒಂದು ಸರಿಯಾದ ಗುದ್ದು ಬಿದ್ದರೆ ಕಲಿಕೆಯಲ್ಲಿನ ಎಷ್ಟೋ ಕೊರತೆ ಮುಚ್ಚಿಹೋಗುತ್ತದೆ. ನಮ್ಮ ಕಡೆಯ ಹುಡುಗರು ಹೆಚ್ಚಿನವರು 55ರಿಂದ 70 ಕೆಜಿ ಒಳಗೆ ಬರುತ್ತಾರೆ. ಆ ತೂಕದಲ್ಲಿ ಜಗತ್ತಿನ ತುಂಬಾ ಹುಡುಗರು ಎಂಟು, ಹತ್ತು ವರ್ಷಕ್ಕೇ ಗ್ಲೌಸ್ ಹಾಕಿರುತ್ತಾರೆ. ಕೈವೇಗ, ಕಾಲಿನ ಲಯ ಎಲ್ಲ ಮೈಗೆ ಹತ್ತಿರುತ್ತದೆ. ಹೆವಿವೇಟ್ ಅಲ್ಲದವರಲ್ಲೂ ಒಬ್ಬರಿದ್ದಾರೆ. ಅರ್ಜೆಂಟೀನಾದ ಸರ್ಜಿಯೊ ಮಾರ್ಟಿನೆಜ್ 20ಕ್ಕೆ ಶುರು ಮಾಡಿ 2010ರಲ್ಲಿ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದರು. ಅವರು ಅದಕ್ಕೂ ಮೊದಲು ಫುಟ್‌ಬಾಲ್, ಸೈಕ್ಲಿಂಗ್ ಅಂತ ಮೈ ಪಳಗಿಸಿದ್ದವರು. ಪಟ್ಟ ಬರುವಷ್ಟರಲ್ಲಿ ವಯಸ್ಸು 35 ಆಗಿತ್ತು.

ಮೇರಿ ಕೋಮ್ ಹೆಸರೂ ಬರುತ್ತದೆ. ಹದಿನೇಳು ಹದಿನೆಂಟರ ಹೊತ್ತಿಗೆ ಬಾಕ್ಸಿಂಗ್‌ಗೆ ಬಂದವರು, ತೂಕವೂ ಕಡಿಮೆ. ಆದರೆ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದೇ 2001ರಲ್ಲಿ. ಎಲ್ಲರೂ ಆಗಷ್ಟೇ ಶುರು ಮಾಡಿದ್ದರು. ಈಗ ಹಾಗಿಲ್ಲ. ಬೀದರ್ ಗಡಿ ದಾಟಿದರೆ ಸಿಗುವ ನಿಜಾಮಾಬಾದ್‌ನ ನಿಖತ್ ಜರೀನ್ 13ರ ಹೊತ್ತಿಗೇ ಶುರು ಮಾಡಿ, 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದವರು. ಬೀದರ್‌ನ ಆ ಹುಡುಗಿಗೂ ನಾನು ಇದನ್ನೇ ಹೇಳಿದೆ.

ಹಾಗಾದರೆ ತಡ ಆಯಿತು ಅಂದರೆ ನಿಜವಾಗಿ ಕಳೆದುಕೊಂಡಿದ್ದು ಏನು? ಶಕ್ತಿ ಅಲ್ಲ, ದಮ್ಮೂ ಅಲ್ಲ. 25ಕ್ಕೆ ಮೈ ಗಟ್ಟಿಯಾಗಿಯೇ ಇರುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಕಲಬುರಗಿಯ ಅಪ್ಪನ ಕೆರೆ ಸುತ್ತ ಓಡಿದರೆ ದಮ್ಮು ಬರುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ, ತತ್ತಿ ತಿಂದರೆ ಮೈ ಕಟ್ಟುತ್ತದೆ. ಡಬ್ಬದ ಪೌಡರ್ ಬೇಕಾಗಿಲ್ಲ. ಕಳೆದುಕೊಂಡಿದ್ದು ನೋಟ. ಮುಖದ ಕಡೆ ಕೈ ಬಂದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹತ್ತು ವರ್ಷದ ಹುಡುಗ ಈ ಅಂಜಿಕೆಯನ್ನು ಆಟ ಆಡುತ್ತಲೇ ಬಿಡುತ್ತಾನೆ. ನಮಗೆ ಅದು ವರ್ಷಗಟ್ಟಲೆ ಹಿಡಿಯುತ್ತದೆ.

ನನ್ನ ಮೊದಲ ಸ್ಪಾರಿಂಗ್, ಅಂದರೆ ರಿಂಗ್‌ನಲ್ಲಿ ಇಬ್ಬರು ಎದುರು ಬದುರು ನಿಂತು ಮಾಡುವ ಅಭ್ಯಾಸ, ಹದಿನೈದು ವರ್ಷದ ಹುಡುಗನ ಜೊತೆ. ತೂಕದಲ್ಲಿ ನನಗಿಂತ ಆರೇಳು ಕೆಜಿ ಕಡಿಮೆ. ನಾನು ಎಂಟು ತಿಂಗಳು ಬ್ಯಾಗ್ ಮೇಲೆ ಬೆವರು ಸುರಿಸಿದ್ದೆ, ಪ್ಯಾಡ್ ಮೇಲೆ ಸದ್ದು ಚೆನ್ನಾಗಿಯೇ ಬರುತ್ತಿತ್ತು. ಆ ಹುಡುಗ ನನ್ನ ಕೈ ನೋಡಲೇ ಇಲ್ಲ. ಎದೆ, ಹೆಗಲು ನೋಡುತ್ತಿದ್ದ. ನನ್ನ ಬಲಗೈ ಹೊರಡುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಬೇಕಾದಾಗ ಬಂದು ಮೂಗಿಗೆ ಮುಟ್ಟಿಸಿ ಹೋಗುತ್ತಿದ್ದ. ಎರಡನೇ ರೌಂಡ್‌ಗೆ ನಾನು ಬಾಯಿ ತೆರೆದು ಉಸಿರು ಬಿಡುತ್ತಿದ್ದೆ. ಅಂಜಿಕೆಗೇ ಅರ್ಧ ದಮ್ಮು ಖರ್ಚಾಗಿತ್ತು. ಆಮೇಲೆ ಕಲಿಸುವ ಅಣ್ಣ ಕರೆದು ಹೇಳಿದ್ದು ಇಷ್ಟೇ: ‘ತಮ್ಮಾ, ಹೊಡೀಲಾಕ ಯಾರಾದ್ರೂ ಕಲೀತಾರ. ನೀ ಮೊದಲ ಕಣ್ಣ ಮುಚ್ಚಲಾರದೇ ನಿಂದ್ರಲಾಕ ಕಲಿ.’

ಈ ನೋಟ ಬರುವುದು ಬೇರೆ ಬೇರೆ ಜನರ ಜೊತೆ ಸ್ಪಾರಿಂಗ್ ಮಾಡಿದಾಗ ಮಾತ್ರ. ಕಲಬುರಗಿಯಲ್ಲಿ ನಮ್ಮ ನಿಜವಾದ ತೊಂದರೆ ಇದೇ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡಬಹುದು, ಜಿಮ್‌ನಲ್ಲಿ ಬ್ಯಾಗ್ ಹೊಡೆಯಬಹುದು. ನಿಮ್ಮದೇ ತೂಕದ, ನಿಮಗಿಂತ ಚೆನ್ನಾಗಿ ಆಡುವ ಹತ್ತು ಜನ ಎಲ್ಲಿ ಸಿಗುತ್ತಾರೆ? ಅದೇ ಮೂರು ಹುಡುಗರ ಜೊತೆ ವರ್ಷವೆಲ್ಲ ಆಡಿದರೆ ಆ ಮೂವರನ್ನು ಸೋಲಿಸುವುದು ಕಲಿಯುತ್ತೀರಿ, ಅಷ್ಟೇ. ಹಾಗಾಗಿ ದುಡ್ಡು ಖರ್ಚು ಮಾಡುವುದಿದ್ದರೆ ದುಬಾರಿ ಗ್ಲೌಸ್‌ಗೆ ಬೇಡ, ರೈಲು ಟಿಕೆಟ್‌ಗೆ ಮಾಡಿ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಕಡೆ ಪುಣೆಗೆ, ಇನ್ನೊಂದು ಕಡೆ ಬೆಂಗಳೂರಿಗೆ ಹೋಗುತ್ತದೆ. ಹೈದರಾಬಾದ್ ಅಂತೂ ಹತ್ತಿರ. ತಿಂಗಳಿಗೊಮ್ಮೆ ಎರಡು ದಿನ ಹೋಗಿ, ಅಲ್ಲಿನ ಕೋಚ್‌ಗೆ ಮೊದಲೇ ಫೋನ್ ಮಾಡಿ, ಕೇಳಿಕೊಂಡು ಸ್ಪಾರಿಂಗ್ ಮಾಡಿ ಬನ್ನಿ.

ನಮ್ಮ ಜಾತ್ರೆಯ ಕುಸ್ತಿ ನೋಡಿದ್ದೀರಲ್ವಾ? ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ. ಆಮೇಲೆ ಸಣ್ಣ ಬಹುಮಾನದ ಜೋಡಿಗಳು. ಬೆಳ್ಳಿ ಕಡಗದ ಕುಸ್ತಿ ಕೊನೆಗೆ. ತಾಲೀಮಿನಲ್ಲಿ ಸಾಮು ಮಾಡಿದ್ದೇನೆ ಅಂತ ನೇರವಾಗಿ ಕಡಗದ ಕುಸ್ತಿಗೆ ಯಾರನ್ನೂ ಬಿಡುವುದಿಲ್ಲ. ಬಾಕ್ಸಿಂಗ್‌ನಲ್ಲಿ ಅಮೆಚೂರ್ ಪಂದ್ಯಗಳೇ ತೆಂಗಿನಕಾಯಿ ಕುಸ್ತಿ. ಎಲೈಟ್ ಅನ್ನುವ ದೊಡ್ಡವರ ವರ್ಗದಲ್ಲಿ 19ರಿಂದ 40 ವರ್ಷದವರು ಆಡಬಹುದು, ನಿಮ್ಮ ಮುಂದೆ ಬೇಕಾದಷ್ಟು ಕಾಲ ಇದೆ. ಮೂರು ನಿಮಿಷದ ಮೂರು ರೌಂಡ್, ಒಟ್ಟು ಒಂಬತ್ತು ನಿಮಿಷ. ಪ್ರೊ ಆದರೆ ಸಾಮಾನ್ಯವಾಗಿ ನಾಲ್ಕು ರೌಂಡ್‌ನಿಂದ ಶುರು, ಆರು, ಎಂಟು, ಹತ್ತು ಅಂತ ಏರಿ ವಿಶ್ವ ಪಟ್ಟಕ್ಕೆ ಹನ್ನೆರಡು. ಒಂಬತ್ತು ನಿಮಿಷ ತಲೆ ಕೆಲಸ ಮಾಡದವರಿಗೆ ಮೂವತ್ತಾರು ನಿಮಿಷದ ಮಾತು ಬೇಡ.

ಎರಡು ವರ್ಷ ಇಟ್ಟುಕೊಳ್ಳಿ, ಹತ್ತು ಪಂದ್ಯ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ ಮಾಡಿ, ಪ್ರತಿ ಪಂದ್ಯದ ಮಾರನೇ ದಿನ ಬರೆಯಿರಿ. ಗೆದ್ದಿರಾ ಸೋತಿರಾ ಅನ್ನುವುದಕ್ಕಿಂತ ಎದುರಾಳಿ ಎಷ್ಟು ಪಂದ್ಯ ಆಡಿದವನು ಅನ್ನುವುದು ಮುಖ್ಯ. ಹೊಸಬರ ಮೇಲೆ ಆರು ಗೆದ್ದರೆ ಅದರಿಂದ ತಿಳಿಯುವುದು ಕಡಿಮೆ. ರಾಜ್ಯಮಟ್ಟದಲ್ಲಿ ಪದಕ ತಂದವನ ಜೊತೆ ಮೂರು ರೌಂಡ್ ನಿಂತು, ಮೂರನೇ ರೌಂಡ್‌ನಲ್ಲೂ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದ ಕೈ ಗಲ್ಲಕ್ಕೆ ವಾಪಸ್ ಬರುತ್ತಿದ್ದರೆ, ಸೋತರೂ ಅದನ್ನು ನಾನು ಒಳ್ಳೆಯ ಲಕ್ಷಣ ಅನ್ನುತ್ತೇನೆ. ಒಂದೇ ತರಹದ ಗುದ್ದು ಪ್ರತಿ ಪಂದ್ಯದಲ್ಲೂ ಬೀಳುತ್ತಿದೆ ಅಂದರೆ ಅಲ್ಲಿ ನಿಲ್ಲಿ, ಮುಂದೆ ಹೋಗಬೇಡಿ. ನನ್ನ ನೋಟ್‌ಬುಕ್‌ನಲ್ಲಿ ಎಡಗೈ ಹುಕ್ (ಬದಿಯಿಂದ ಬಳಸಿ ಬರುವ ಗುದ್ದು) ಅಂತ ಏಳು ಸಲ ಬರೆದಿದ್ದೆ. ಅದನ್ನು ಓದಿದ ರಾತ್ರಿಯೇ ಪ್ರೊ ಆಸೆ ಬಿಟ್ಟೆ. ಸಂಕಟ ಆಯಿತು, ಆದರೆ ಅನುಮಾನ ಉಳಿಯಲಿಲ್ಲ.

ದುಡ್ಡಿನ ವಿಷಯದಲ್ಲಿ ಕನಸು ಕಾಣಬೇಡಿ. ನಮ್ಮಲ್ಲಿ ಅಮೆಚೂರ್ ನೋಡಿಕೊಳ್ಳುವುದು ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ. ಪ್ರೊ ಲೈಸನ್ಸ್ ಕೊಡುವುದು ಬೇರೆ ಸಂಸ್ಥೆಗಳು. ಸಣ್ಣ ಪ್ರೊ ಪಂದ್ಯಗಳು ನಡೆಯುವುದು ಟಿಕೆಟ್ ಮೇಲೆ, ಪ್ರಾಯೋಜಕರ ಮೇಲೆ. ಯಾರ ಹೆಸರಿಗೆ ಜನ ಬರುತ್ತಾರೋ ಅವರನ್ನು ಗೆಲ್ಲಿಸಿ ಬೆಳೆಸುವುದು ಆಯೋಜಕರ ಲೆಕ್ಕ. ಎದುರಿಗೆ ಕರೆಸುವುದು ದೂರದ ಊರಿನ, ಹೆಚ್ಚು ಪಂದ್ಯ ಆಡದ ಹುಡುಗನನ್ನು. 27 ವರ್ಷದ, ಹೆಸರಿಲ್ಲದ, ಅಮೆಚೂರ್ ಪದಕ ಇಲ್ಲದ ಕಲಬುರಗಿ ಹುಡುಗನಿಗೆ ಮೊದಲ ಕರೆ ಬಂದರೆ ಯಾವ ಮೂಲೆಗೆ ಬರುತ್ತದೆ ಯೋಚಿಸಿ. ಬಂದ ದುಡ್ಡಿನಲ್ಲಿ ಮ್ಯಾನೇಜರ್, ಕೋಚ್ ಪಾಲು ಹೋಗುತ್ತದೆ. ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ತಲೆಯ ಸ್ಕ್ಯಾನ್ ಖರ್ಚು ಎಷ್ಟೋ ಸಲ ನಿಮ್ಮ ಮೇಲೆಯೇ ಬೀಳುತ್ತದೆ. ಮೊಬೈಲ್ ರಿಪೇರಿ ಕೈಕೆಲಸ, ಅದು ನಿಮ್ಮ ಬೆನ್ನೆಲುಬು. ಬೆಳಗ್ಗೆ ಓಟ, ರಾತ್ರಿ ಜಿಮ್, ನಡುವೆ ಅಂಗಡಿ ಅಂತ ಎರಡು ವರ್ಷ ತೂಗಿಸಬಹುದು. ಎಷ್ಟೋ ಪ್ರೊ ಬಾಕ್ಸರ್‌ಗಳೂ ಹೀಗೇ ಬದುಕುತ್ತಾರೆ.

ಇನ್ನು ತಲೆಯ ವಿಷಯ. ಇದನ್ನು ನಿಧಾನವಾಗಿ ಓದಿ. ಬಾಕ್ಸರ್‌ಗಳಿಗೆ ವರ್ಷಗಳ ಮೇಲೆ ಮಾತು ತೊದಲುವುದು, ನಡಿಗೆ ತಪ್ಪುವುದು, ಮರೆವು ಬರುವುದು ಹೊಸ ಸುದ್ದಿಯಲ್ಲ. ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಇದನ್ನು ಬರೆದಿಟ್ಟರು. ತಡವಾಗಿ ಶುರು ಮಾಡಿದವರು ಚಿಕ್ಕಂದಿನಲ್ಲಿ ಏಟು ತಿಂದಿರುವುದಿಲ್ಲ, ಅದು ನಿಮ್ಮ ಲಾಭ. ಆದರೆ ತಪ್ಪಿಸಿಕೊಳ್ಳುವ ಕಲೆ ಅರ್ಧ ಬಂದಿರುವಾಗ ಪ್ರೊಗೆ ಹೋದರೆ ಆ ಲಾಭ ಒಂದೇ ವರ್ಷದಲ್ಲಿ ಕರಗುತ್ತದೆ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ಕಡಿಮೆ ಮಾಡುತ್ತದೆ. ಒಳಗೆ ಮೆದುಳು ಅಲುಗಾಡುವುದನ್ನು ತಡೆಯುವುದಿಲ್ಲ.

ನಾನು ಶುರುವಿನಲ್ಲಿ ಹೋಗುತ್ತಿದ್ದ ಒಂದು ಜಾಗದಲ್ಲಿ ಶನಿವಾರ ಬಂದರೆ ಹೊಸಬರಿಬ್ಬರನ್ನು ನಿಲ್ಲಿಸಿ ‘ಪೂರ್ತಿ ಹೊಡೀರಿ’ ಅನ್ನುತ್ತಿದ್ದರು. ಅಲ್ಲಿ ಒಂದು ಏಟು ತಿಂದ ಮೇಲೆ ನನಗೆ ಮೂರು ದಿನ ತಲೆನೋವಿತ್ತು. ಹೇಳಿದರೆ ಅಂಜುಬುರುಕ ಅಂದಾರು ಅಂತ ಮುಚ್ಚಿಟ್ಟೆ. ನಾಲ್ಕನೇ ದಿನ ಮತ್ತೆ ಸ್ಪಾರಿಂಗ್ ಮಾಡಿದೆ. ಇವತ್ತು ನನ್ನ ಹುಡುಗರಲ್ಲಿ ಯಾರಾದರೂ ಹಾಗೆ ಮಾಡಿದರೆ ಅವರನ್ನು ತಿಂಗಳು ರಿಂಗ್ ಹತ್ತಿಸುವುದಿಲ್ಲ. ತಲೆನೋವು, ವಾಂತಿ, ಬೆಳಕು ಚುಚ್ಚುವುದು, ಏನೇ ಇದ್ದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ತೂಕ ಇಳಿಸಲು ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದೂ ಇಂಥದ್ದೇ ಅಪಾಯ. ನೀರು ಬಿಟ್ಟ ಮೈ ಏಟು ತಡೆಯುವುದಿಲ್ಲ.

2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ತಲೆಗೆ ಏಟು ಬಿದ್ದು ಕುಸಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಪಂದ್ಯದ ಜಾಗದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದ್ದರು. ಪಂದ್ಯಕ್ಕೆ ಹೆಸರು ಕೊಡುವ ಮೊದಲು ಡಾಕ್ಟರ್ ಯಾರು, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಹತ್ತಿರ ಯಾವ ಆಸ್ಪತ್ರೆ ಅಂತ ಕೇಳಿ. ನಾಚಿಕೊಳ್ಳಬೇಡಿ. ಉತ್ತರ ಸಿಗದಿದ್ದರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ವಾಪಸ್ ಬನ್ನಿ.

ಮನೆಯಲ್ಲಿ ಏನಂತ ಹೇಳಲಿ ಅಂತ ಕೇಳಿದ್ದೀರಿ. ಕೆಲಸ ಬಿಡುತ್ತೇನೆ ಅನ್ನಬೇಡಿ, ಯಾಕೆಂದರೆ ನೀವು ಬಿಡುತ್ತಿಲ್ಲ. ಎರಡು ವರ್ಷ, ಹತ್ತು ಪಂದ್ಯ, ಆಮೇಲೆ ನೋಡೋಣ ಅನ್ನಿ. ಒಂದು ಪಂದ್ಯಕ್ಕೆ ಅವರನ್ನೂ ಕರೆದುಕೊಂಡು ಹೋಗಿ. ನನ್ನ ಅವ್ವ ಬಂದಿದ್ದು ನಾಲ್ಕನೇ ಪಂದ್ಯಕ್ಕೆ. ಸೆರಗು ಬಾಯಿಗೆ ಹಿಡಿದುಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವತ್ತು ನಾನು ಗೆದ್ದಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಗೆಲುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಊರು ಬರುವ ಮೊದಲು ಕೇಳಿದಳು: ‘ರಿಂಗಿನ ಬಾಜೂಕ ಕುಂತಿದ್ದ ಆ ಡಾಕ್ಟರ್ ಪ್ರತೀ ಸಲ ಇರ್ತಾರೇನು?’ ಮೊದಲಿನ ಮೂರು ಪಂದ್ಯದಲ್ಲಿ ಡಾಕ್ಟರ್ ಇದ್ದರೋ ಇಲ್ಲವೋ, ನನಗೆ ನೆನಪಿರಲಿಲ್ಲ. ಆವತ್ತಿನಿಂದ ನೋಟ್‌ಬುಕ್‌ನಲ್ಲಿ ಅದಕ್ಕೂ ಒಂದು ಸಾಲು ಇಟ್ಟೆ.