ಮನಃಶಾಸ್ತ್ರ ನಿಜವಾಗಲೂ ವಿಜ್ಞಾನವಾ?

ಪ್ರಶ್ನೆ: ಮನಸ್ಸಿನ ಬಗ್ಗೆ ಒಂದು ಸಲ ಹೀಗೆ ಅಂತಾರೆ, ಹತ್ತು ವರ್ಷ ಬಿಟ್ಟು ಅದು ತಪ್ಪು ಅಂತಾರೆ. ಮನಃಶಾಸ್ತ್ರ ನಿಜವಾಗಲೂ ವಿಜ್ಞಾನವಾ? ಒಬ್ಬೊಬ್ಬರೂ ಒಂದೊಂದು ಥರ ಇರುವಾಗ ಮನಸ್ಸಿಗೆ ನಿಯಮ ಅಂತ ಇರಲು ಸಾಧ್ಯವಾ?

ಉತ್ತರ: ಹೌದು, ವಿಜ್ಞಾನವೇ. ಆದರೆ ಮನಃಶಾಸ್ತ್ರದ ಹೆಸರಿನಲ್ಲಿ ಬರುವ ಎಲ್ಲದಕ್ಕೂ ಈ ಮಾತು ಸಲ್ಲುವುದಿಲ್ಲ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಮನಸ್ಸಿಗೆ ನಿಯಮ ಇದೆಯಾ ಎಂದು ಕೇಳುವಾಗ ಮನುಷ್ಯ ಎಂಥ ಜೀವಿ ಎಂದೂ ಕೇಳಿದಂತಾಗುತ್ತದೆ. ಅದಕ್ಕೆ ಪ್ರಯೋಗಾಲಯ ಒಂದೇ ಉತ್ತರ ಕೊಡಲಾರದು.

ಮೊದಲು ವಿಜ್ಞಾನದ ವಿಷಯ. ಪ್ರಯೋಗ ಮಾಡಿದರೆ, ಅಂಕಿ ಅಂಶ ಕೊಟ್ಟರೆ ವಿಜ್ಞಾನ ಆಗಿಬಿಡುವುದಿಲ್ಲ. 1919ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಪಾಪರ್ ಎಂಬ ಹುಡುಗ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ ಅವರ ಜೊತೆ ಬಡ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ. ಮುಂದೆ ದೊಡ್ಡ ತತ್ವಜ್ಞಾನಿಯಾದ ಪಾಪರ್ ಆ ದಿನಗಳ ಒಂದು ಘಟನೆ ಬರೆದಿದ್ದಾರೆ. ಆಡ್ಲರ್ ಸಿದ್ಧಾಂತಕ್ಕೆ ಸರಿಹೊಂದದ ಹಾಗೆ ಕಂಡ ಒಂದು ಮಗುವಿನ ವಿಷಯವನ್ನು ಅವರಿಗೆ ಹೇಳಿದರಂತೆ. ಆಡ್ಲರ್ ಮಗುವನ್ನು ನೋಡದೆಯೇ, ಇದು ಕೀಳರಿಮೆಯ ಪರಿಣಾಮ ಎಂದು ಸಲೀಸಾಗಿ ವಿವರಿಸಿಬಿಟ್ಟರು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದರೆ, ಇಂಥ ಸಾವಿರ ನೋಡಿದ್ದೇನೆ ಎಂಬರ್ಥದ ಉತ್ತರ ಬಂತು. ಹಾಗಾದರೆ ಈಗ ಸಾವಿರದ ಒಂದಾಯಿತು ಎಂದರಂತೆ ಪಾಪರ್.

ಅದೇ ವರ್ಷ ಐನ್‌ಸ್ಟೈನ್ ಸಿದ್ಧಾಂತಕ್ಕೂ ಪರೀಕ್ಷೆ ನಡೆದಿತ್ತು. ಮೇ 29ರ ಸೂರ್ಯಗ್ರಹಣದಲ್ಲಿ, ಸೂರ್ಯನ ಪಕ್ಕದಲ್ಲಿ ಹಾದು ಬರುವ ನಕ್ಷತ್ರದ ಬೆಳಕು ಇಷ್ಟೇ ಬಾಗಬೇಕು ಎಂದು ಆ ಸಿದ್ಧಾಂತ ಮೊದಲೇ ಹೇಳಿತ್ತು. ಬಾಗದಿದ್ದರೆ ಸಿದ್ಧಾಂತ ಬೀಳುತ್ತಿತ್ತು. ಪಾಪರ್‌ಗೆ ವ್ಯತ್ಯಾಸ ಕಂಡಿದ್ದು ಇಲ್ಲೇ. ಏನೇ ನಡೆದರೂ "ನಾನು ಹೇಳಿದ್ದೇ ಸರಿ" ಎನ್ನುವ ಸಿದ್ಧಾಂತ ಬಲವಾದದ್ದಲ್ಲ. ಅದು ಏನನ್ನೂ ಹೇಳಿದಂತೆಯೇ ಆಗಲಿಲ್ಲ. ಯಾವ ಫಲಿತಾಂಶ ಬಂದರೆ ನಾನು ಸೋತೆ ಎಂದು ಮೊದಲೇ ಹೇಳುವ ಸಿದ್ಧಾಂತಕ್ಕೆ ಬೆಲೆ ಜಾಸ್ತಿ.

ಈ ಅಳತೆಗೋಲು ಹಿಡಿದರೆ ಮನಃಶಾಸ್ತ್ರದ ಒಳಗೇ ಒಳ್ಳೆಯ ವಿಜ್ಞಾನ ಬೇಕಾದಷ್ಟು ಸಿಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಮೊದಮೊದಲು ಬೇಗ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಇದನ್ನು ಅವರು ಪ್ರಕಟಿಸಿದ್ದು 1885ರಲ್ಲಿ. 130 ವರ್ಷದ ನಂತರ, 2015ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಅದೇ ಪ್ರಯೋಗ ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಅದೇ ಗೆರೆ ಬಂತು. 1935ರ ಸ್ಟ್ರೂಪ್ ಪ್ರಯೋಗವೂ ಹೀಗೇ. "ಕೆಂಪು" ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಕೇಳಿದರೆ ಓದು ಬಲ್ಲವರು ತಡವರಿಸುತ್ತಾರೆ. ಯಾವ ಭಾಷೆಯಲ್ಲಿ ಬೇಕಾದರೂ ಮಾಡಿ ನೋಡಬಹುದು.

ಹಾಗಾದರೆ "ಹತ್ತು ವರ್ಷ ಬಿಟ್ಟು ತಪ್ಪು ಅಂತಾರೆ" ಎಂಬ ದೂರು? ಅದರಲ್ಲೂ ಹುರುಳಿದೆ. 2015ರಲ್ಲಿ ಸುಮಾರು 270 ಸಂಶೋಧಕರು ಸೇರಿ, ಒಳ್ಳೆಯ ಪತ್ರಿಕೆಗಳಲ್ಲಿ ಬಂದಿದ್ದ 100 ಮನಃಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇಕಡಾ 97ರಲ್ಲಿ ಪರಿಣಾಮ ಕಂಡಿತ್ತು. ಎರಡನೇ ಸಲ ಕಂಡಿದ್ದು ಶೇಕಡಾ 36ರಲ್ಲಿ ಮಾತ್ರ. ಮನೋಬಲ ಬಳಸಿದಷ್ಟೂ ಖರ್ಚಾಗಿ ಮುಗಿಯುತ್ತದೆ ಎಂಬ ಮಾತು ಕೇಳಿರುತ್ತೀರಿ. 1998ರ ಒಂದು ಅಧ್ಯಯನದಿಂದ ಜನಪ್ರಿಯವಾದ ವಿಚಾರ ಅದು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಆ ಪರಿಣಾಮ ಬಹುತೇಕ ಸೊನ್ನೆಯಾಗಿತ್ತು.

ಇದರಲ್ಲಿ ಮೋಸಕ್ಕಿಂತ ಅಭ್ಯಾಸದ ದೋಷ ಜಾಸ್ತಿ. ಕಡಿಮೆ ಜನರ ಮೇಲೆ ಪ್ರಯೋಗ ಮಾಡುವುದು, ಪರಿಣಾಮ ಕಂಡದ್ದನ್ನಷ್ಟೇ ಪ್ರಕಟಿಸುವುದು, ಒಂದು ಲೆಕ್ಕದಲ್ಲಿ ಬರದಿದ್ದರೆ ಇನ್ನೊಂದು ಥರ ಲೆಕ್ಕ ಹಾಕುವುದು. ಈ ಕೊನೆಯದು ಎಷ್ಟು ಅಪಾಯಕಾರಿ ಎಂದು ತೋರಿಸಲು 2011ರಲ್ಲಿ ಮೂವರು ಸಂಶೋಧಕರು, ಆಗ ಎಲ್ಲರೂ ಒಪ್ಪುತ್ತಿದ್ದ ಪದ್ಧತಿಯಲ್ಲೇ, ಒಂದು ಹಾಡು ಕೇಳಿದರೆ ವಯಸ್ಸೇ ಒಂದೂವರೆ ವರ್ಷದಷ್ಟು ಕಡಿಮೆಯಾಗುತ್ತದೆ ಎಂದು "ಸಾಬೀತು" ಮಾಡಿದರು. ಅಸಾಧ್ಯವಾದದ್ದನ್ನೂ ಆ ಲೆಕ್ಕ ಒಪ್ಪಿಬಿಟ್ಟಿತ್ತು. ಅದಾದ ಮೇಲೆ ಏನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಎಂದು ಪ್ರಯೋಗಕ್ಕೆ ಮೊದಲೇ ಬರೆದು ದಾಖಲಿಸುವ ರೂಢಿ ಬೆಳೆಯಿತು. ಹೀಗೆ ತಪ್ಪುಗಳನ್ನು ತೋರಿಸಿದವರೆಲ್ಲ ಹೊರಗಿನಿಂದ ಬಂದವರಲ್ಲ. ಹೆಚ್ಚಿನವರು ಮನಃಶಾಸ್ತ್ರಜ್ಞರೇ. ತಮ್ಮ ಮನೆಯ ಲೆಕ್ಕವನ್ನು ತಾವೇ ಎಲ್ಲರೆದುರು ತೆರೆದಿಟ್ಟರು. ಇದನ್ನು ನಾನು ಈ ಶಾಸ್ತ್ರದ ದೌರ್ಬಲ್ಯ ಎಂದು ಓದುವುದಿಲ್ಲ.

ಈ ಭಾಗ ಕಷ್ಟವಾದರೂ ದಾರಿ ಗೊತ್ತಿರುವ ಕಷ್ಟ. ಜಾಸ್ತಿ ಜನ, ಒಳ್ಳೆಯ ಲೆಕ್ಕ, ಮುಚ್ಚುಮರೆ ಇಲ್ಲದ ದಾಖಲೆ ಇದ್ದರೆ ಪರಿಸ್ಥಿತಿ ಸುಧಾರಿಸುತ್ತದೆ. ಎಷ್ಟೇ ಒಳ್ಳೆಯ ಲೆಕ್ಕ ಹಾಕಿದರೂ ಹೋಗದ ತೊಡಕು ಬೇರೆಯೇ ಇದೆ.

1786ರಲ್ಲೇ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅದನ್ನು ಎತ್ತಿದ್ದರು. ಮನಸ್ಸಿನ ಅಧ್ಯಯನ ಸರಿಯಾದ ಅರ್ಥದಲ್ಲಿ ನಿಸರ್ಗವಿಜ್ಞಾನ ಆಗಲಾರದು ಎಂಬುದು ಅವರ ವಾದ. ಮನಸ್ಸಿನೊಳಗೆ ನಡೆಯುವುದಕ್ಕೆ ಗಣಿತ ಅನ್ವಯಿಸುವುದಿಲ್ಲ ಎಂಬುದು ಒಂದು ಕಾರಣ. ನೋಡುವ ಕೆಲಸವೇ ನೋಡುತ್ತಿರುವುದನ್ನು ಬದಲಿಸಿಬಿಡುತ್ತದೆ ಎಂಬುದು ಇನ್ನೊಂದು. ಸಿಟ್ಟು ಬಂದಾಗ "ನನಗೀಗ ಎಷ್ಟು ಸಿಟ್ಟು ಬಂದಿದೆ?" ಎಂದು ಒಳಗೆ ತಿರುಗಿ ನೋಡಿ. ನೋಡುವಷ್ಟರಲ್ಲಿ ಆ ಸಿಟ್ಟು ಮೊದಲಿನ ಹಾಗೆ ಇರುವುದಿಲ್ಲ, ಅಲ್ವಾ?

ಮೊದಲನೇ ಆಕ್ಷೇಪಕ್ಕೆ ಎಬ್ಬಿಂಗ್‌ಹೌಸ್‌ನಂಥವರು ಒಂದು ಮಟ್ಟಿಗೆ ಉತ್ತರ ಕೊಟ್ಟರು. ಎರಡನೆಯದು ಹಾಗೇ ಉಳಿಯಿತು. 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ಶುರುಮಾಡಿದ ಮೇಲೆ, ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳುವ ಪದ್ಧತಿ ಹಬ್ಬಿತು. 20ನೇ ಶತಮಾನದ ಆರಂಭದಲ್ಲಿ ಅದು ಒಂದು ಜಗಳಕ್ಕೆ ಸಿಕ್ಕಿಬಿತ್ತು. ಮನಸ್ಸಿನ ಕಣ್ಣಿಗೆ ಯಾವ ಚಿತ್ರವೂ ಕಾಣದೆ ಯೋಚನೆ ಮೂಡುವುದುಂಟು ಎಂದರು ಜರ್ಮನಿಯ ವುರ್ಟ್ಸ್‌ಬರ್ಗ್‌ನ ಸಂಶೋಧಕರು. ಸಾಧ್ಯವಿಲ್ಲ, ನಿಮ್ಮವರು ಸರಿಯಾಗಿ ಗಮನಿಸಿಲ್ಲ ಎಂದರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಎಡ್ವರ್ಡ್ ಟಿಚ್ನರ್. ಯಾರು ಸರಿ? ಒಬ್ಬರ ಮನಸ್ಸಿನೊಳಗೆ ಇನ್ನೊಬ್ಬರು ಇಣುಕಲಾಗದ ಕಾರಣ ತೀರ್ಪು ಕೊಡುವವರೇ ಇರಲಿಲ್ಲ.

1913ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ವಾಟ್ಸನ್ ಈ ಕಗ್ಗಂಟನ್ನು ಬಿಡಿಸಲು ಹೋಗಲಿಲ್ಲ, ಕತ್ತರಿಸಿ ಹಾಕಿದರು. ಮನಸ್ಸಿನ ಮಾತೇ ಬೇಡ, ಕಣ್ಣಿಗೆ ಕಾಣುವ ನಡವಳಿಕೆ ಸಾಕು, ಅದನ್ನು ಮುಂಚಿತವಾಗಿ ಊಹಿಸುವುದು ಮತ್ತು ಹತೋಟಿಗೆ ತರುವುದೇ ಗುರಿ ಎಂದರು. ಇಲ್ಲಿ ಸ್ವಲ್ಪ ನಿಲ್ಲಿ. ಮನುಷ್ಯನನ್ನು ಹೊರಗಿನ ಪ್ರಚೋದನೆಗೆ ಪ್ರತಿಕ್ರಿಯೆ ಕೊಡುವ ಜೀವಿ ಎಂದು ನೋಡಬೇಕು ಎಂಬುದನ್ನು ಯಾವ ಪ್ರಯೋಗವೂ ತೋರಿಸಿಕೊಟ್ಟಿರಲಿಲ್ಲ. ಪ್ರಯೋಗಕ್ಕೆ ಮೊದಲೇ ಮಾಡಿಕೊಂಡ ತೀರ್ಮಾನ ಅದು. ಆಮೇಲೆ ಯಾವ ಪ್ರಯೋಗ ಮಾಡಬೇಕು, ಯಾವುದನ್ನು ಉತ್ತರ ಎಂದು ಒಪ್ಪಬೇಕು ಎನ್ನುವುದನ್ನೆಲ್ಲ ಅದೇ ನಿರ್ಧರಿಸಿತು. ಮುಂದೆ ಕಂಪ್ಯೂಟರ್ ಬಂದಾಗ ಮನಸ್ಸು ಮಾಹಿತಿ ಸಂಸ್ಕರಿಸುವ ಯಂತ್ರವಾಯಿತು. ಪ್ರತಿ ಕಾಲದ ಮನಃಶಾಸ್ತ್ರದ ಅಡಿಯಲ್ಲೂ ಮನುಷ್ಯನ ಒಂದು ಚಿತ್ರ ಇರುತ್ತದೆ. ಆ ಚಿತ್ರ ಪ್ರಯೋಗಕ್ಕೆ ಕಣ್ಣು ಕೊಡುತ್ತದೆ. ಬೇರೆಯದನ್ನು ಕಾಣದ ಹಾಗೆಯೂ ಮಾಡುತ್ತದೆ.

ಇಚ್ಛಾಸ್ವಾತಂತ್ರ್ಯದ ಪ್ರಯೋಗದಲ್ಲೂ ಇದೇ ಆಯಿತು. 1983ರಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್, ಮನಸ್ಸು ಬಂದಾಗ ಕೈ ಅಲ್ಲಾಡಿಸಿ ಎಂದು ಜನರಿಗೆ ಹೇಳಿ ಮಿದುಳಿನ ಸಂಕೇತ ಅಳೆದರು. ಕೈ ಅಲ್ಲಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಂಕೇತ ಏಳುತ್ತಿತ್ತು. "ಅಲ್ಲಾಡಿಸೋಣ ಅನ್ನಿಸಿತು" ಎಂದು ಜನ ಹೇಳಿದ ಹೊತ್ತು ಮಾತ್ರ ಸುಮಾರು 0.2 ಸೆಕೆಂಡ್ ಮೊದಲು. ಸ್ವತಂತ್ರ ಆಯ್ಕೆ ಬರೀ ಭ್ರಮೆ ಎಂದು ಹಲವರು ಬರೆದರು. ಆದರೆ ಮಿದುಳು ಬೇರೆ, ನಾನು ಬೇರೆ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ "ಮಿದುಳು ನನಗಿಂತ ಮೊದಲು ನಿರ್ಧರಿಸಿತು" ಎಂಬ ಮಾತಿಗೆ ಬಲ. ನನ್ನ ಮಿದುಳೂ ನಾನೇ ಆದರೆ, ಅದು ಶುರುಮಾಡಿದ್ದು ನಾನು ಶುರುಮಾಡಿದ ಹಾಗೆಯೇ ಅಲ್ವಾ? 2012ರಲ್ಲಿ ಬೇರೆ ಸಂಶೋಧಕರು, ಆ ಸಂಕೇತ ನಿರ್ಧಾರದ್ದೇ ಆಗಿರಬೇಕಿಲ್ಲ, ಮಿದುಳಿನ ಸಹಜ ಏರಿಳಿತವನ್ನು ಸರಾಸರಿ ಮಾಡಿದಾಗಲೂ ಹಾಗೇ ಕಾಣಬಹುದು ಎಂದು ತೋರಿಸಿದರು. ಅಳತೆ ಸರಿಯೇ ಇತ್ತು. ಅದರಿಂದ ಏನು ಅರ್ಥ ಮಾಡಿಕೊಳ್ಳಬೇಕು ಎಂಬುದರಲ್ಲಿ ತತ್ವಶಾಸ್ತ್ರ ಸೇರಿಕೊಂಡಿತ್ತು.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಗ್ರಹಕ್ಕೆ ನಾವು ಏನು ಹೆಸರಿಟ್ಟರೂ ಅದು ತನ್ನ ಪಾಡಿಗೆ ಸುತ್ತುತ್ತದೆ. ಮನುಷ್ಯನಿಗೆ ಒಂದು ಹೆಸರಿಟ್ಟರೆ ಅವನು ಅದನ್ನು ಕೇಳಿಸಿಕೊಳ್ಳುತ್ತಾನೆ. ಒಪ್ಪಿ ಕುಗ್ಗಬಹುದು, ಅದಕ್ಕೆ ತಕ್ಕ ಹಾಗೆ ಬದಲಾಗಬಹುದು, ಎದುರು ನಿಂತು ಜಗಳವಾಡಬಹುದು. ಕೆನಡಾದ ತತ್ವಜ್ಞಾನಿ ಇಯಾನ್ ಹ್ಯಾಕಿಂಗ್ ಈ ಸುತ್ತಾಟದ ಬಗ್ಗೆ ವರ್ಷಗಟ್ಟಲೆ ಬರೆದರು. ವರ್ಗೀಕರಣ ಜನರನ್ನು ಬದಲಿಸುತ್ತದೆ. ಬದಲಾದ ಜನರಿಂದಾಗಿ ವರ್ಗೀಕರಣವನ್ನೇ ತಿದ್ದಬೇಕಾಗುತ್ತದೆ.

ಇದು ಸುಮ್ನೆ ಪಂಡಿತರ ಚರ್ಚೆಯಲ್ಲ. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಓಡಿಹೋಗುವುದು ಒಂದು ಮನೋರೋಗ ಎಂದು ಬರೆದು ಅದಕ್ಕೆ ಹೆಸರನ್ನೂ ಇಟ್ಟರು. ಗುಲಾಮಗಿರಿಯೇ ಸಹಜ ಎಂಬ ಚಿತ್ರ ತಲೆಯಲ್ಲಿದ್ದಾಗ ಬಿಡುಗಡೆಯ ಆಸೆ ರೋಗದ ಹಾಗೆ ಕಂಡಿತು. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಹೊಸ ಸಂಶೋಧನೆಯಷ್ಟೇ ಅದಕ್ಕೆ ಕಾರಣವಲ್ಲ. ರೋಗಿಗಳೆಂದು ಕರೆಸಿಕೊಂಡವರೇ ಎದ್ದು ನಿಂತು "ನಮಗೆ ರೋಗವಿಲ್ಲ" ಎಂದಿದ್ದೂ ಕಾರಣ. ಇಂಥದ್ದು ಖಗೋಳಶಾಸ್ತ್ರದಲ್ಲಿ ನಡೆಯಲು ಸಾಧ್ಯವೇ ಇಲ್ಲ.

ಬುದ್ಧಿಮತ್ತೆ ಪರೀಕ್ಷೆಯ ಕತೆಯೂ ನೋವಿನದ್ದೇ. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ಥಿಯೊಡೋರ್ ಸಿಮೋನ್ ಜೊತೆ ಅದನ್ನು ತಯಾರಿಸಿದ್ದು, ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಬುದ್ಧಿ ಹುಟ್ಟಿನಿಂದ ಬಂದ, ಬದಲಾಗದ ಒಂದು ಪ್ರಮಾಣ ಎಂಬ ಮಾತನ್ನು ಬಿನೆ ಒಪ್ಪುತ್ತಿರಲಿಲ್ಲ. ಅದೇ ಪರೀಕ್ಷೆ ಅಮೆರಿಕಕ್ಕೆ ಹೋದಾಗ ಆ ಚಿತ್ರವೇ ತಿರುಗುಮುರುಗಾಯಿತು. ಅಂಕವನ್ನು ಹುಟ್ಟುಗುಣ ಎಂದು ಓದಿದರು. ಕೆಲವು ರಾಜ್ಯಗಳಲ್ಲಿ ಅಂಥ ಅಂಕಗಳು ಮಕ್ಕಳಾಗದ ಹಾಗೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಲೂ ಆಧಾರವಾದವು. ಮೂಲ ಪರೀಕ್ಷೆ ಹೆಚ್ಚುಕಡಿಮೆ ಒಂದೇ. ಅದರ ಅಡಿಯಲ್ಲಿದ್ದ ಮನುಷ್ಯನ ಕಲ್ಪನೆ ಬೇರೆ.

"ಮನುಷ್ಯರು" ಎಂದು ಬರೆಯುವಾಗ ಯಾವ ಮನುಷ್ಯರು ಎಂದೂ ಕೇಳಬೇಕು. ಕೆಲವು ಪ್ರಮುಖ ಪತ್ರಿಕೆಗಳಲ್ಲಿ 2003ರಿಂದ 2007ರವರೆಗೆ ಬಂದ ಅಧ್ಯಯನಗಳನ್ನು ನೋಡಿದಾಗ, ಭಾಗವಹಿಸಿದವರಲ್ಲಿ ಶೇಕಡಾ 96ರಷ್ಟು ಜನ ಜಗತ್ತಿನ ಶೇಕಡಾ 12ರಷ್ಟು ಜನಸಂಖ್ಯೆ ಇರುವ ಪಾಶ್ಚಾತ್ಯ ದೇಶಗಳವರೇ ಆಗಿದ್ದರು. ಅವರಲ್ಲೂ ಕಾಲೇಜು ವಿದ್ಯಾರ್ಥಿಗಳೇ ಜಾಸ್ತಿ. ಬಾಣದ ತುದಿಗಳಿರುವ ಎರಡು ಸಮ ಗೆರೆಗಳಲ್ಲಿ ಒಂದು ಉದ್ದವಾಗಿ ಕಾಣುವ ದೃಷ್ಟಿಭ್ರಮೆ ನಿಮಗೆ ಗೊತ್ತಿರಬಹುದು. 1966ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದವರಿಗೆ ಅದು ಜೋರಾಗಿಯೇ ಕಂಡಿತ್ತು. ಆಫ್ರಿಕಾದ ಕಲಹರಿ ಮರುಭೂಮಿಯ ಸಾನ್ ಜನರಿಗೆ ಗೆರೆಗಳು ಹೆಚ್ಚುಕಡಿಮೆ ಸಮವಾಗಿಯೇ ಕಂಡವು.

ಈಗ ನೇರವಾಗಿ ನಿಮ್ಮ ಕೊನೆಯ ಸಾಲಿಗೆ ಬರೋಣ. ಒಬ್ಬೊಬ್ಬರೂ ಬೇರೆ ಇರುವಾಗ ನಿಯಮ ಇರಬಹುದಾ? ಇರಬಹುದು. ಆದರೆ ಗುಂಪಿನ ನಿಯಮ ಬೇರೆ, ಒಬ್ಬ ವ್ಯಕ್ತಿಯ ನಿಯಮ ಬೇರೆ. ಟೈಪ್ ಮಾಡುವುದನ್ನೇ ನೋಡಿ. ನೂರು ಜನರನ್ನು ಹೋಲಿಸಿದರೆ, ವೇಗವಾಗಿ ಟೈಪ್ ಮಾಡುವವರು ಕಡಿಮೆ ತಪ್ಪು ಮಾಡುತ್ತಾರೆ, ಏಕೆಂದರೆ ಅವರು ಪಳಗಿದವರು. ಅದನ್ನು ನಂಬಿ ನೀವು ನಿಮ್ಮ ವೇಗ ಹೆಚ್ಚಿಸಿದರೆ ತಪ್ಪು ಜಾಸ್ತಿಯಾಗುತ್ತದೆ. ಎರಡೂ ನಿಜ, ಒಂದರಿಂದ ಇನ್ನೊಂದನ್ನು ತೆಗೆಯಲು ಮಾತ್ರ ಬರುವುದಿಲ್ಲ. ಮನಃಶಾಸ್ತ್ರದ ಬಹುಪಾಲು ಫಲಿತಾಂಶಗಳು ಮೊದಲನೇ ಬಗೆಯವು, ಅಂದರೆ ಗುಂಪಿನ ಸರಾಸರಿಗಳು. ನಾವು ಅವನ್ನು ಓದುವುದು ಮಾತ್ರ ನಮ್ಮ ಬಗ್ಗೆ ತಿಳಿಯಲು.

ಹಾಗಾಗಿ "ಹೀಗೆ ಮಾಡುವವರು ಹೆಚ್ಚು ಸಂತೋಷವಾಗಿರುತ್ತಾರೆ" ಎಂಬ ಸುದ್ದಿ ಕಂಡಾಗ ಕೆಲವು ಪ್ರಶ್ನೆ ಕೇಳಿ. ಬೇರೆಯವರು ಮತ್ತೆ ಮಾಡಿ ನೋಡಿದ್ದಾರಾ? ಯಾರ ಮೇಲೆ ಮಾಡಿದ್ದು? ಸಂತೋಷ ಎಂದರೆ ಏನು ಎಂದುಕೊಂಡು ಅಳೆದರು? ಜನರನ್ನು ಜನರ ಜೊತೆ ಹೋಲಿಸಿದರಾ, ಅಥವಾ ಒಬ್ಬೊಬ್ಬರನ್ನೇ ವಾರಗಟ್ಟಲೆ ಗಮನಿಸಿದರಾ? ಈ ಕೊನೆಯ ಬಗೆಯ ಕೆಲಸ ಈಗ ಹೆಚ್ಚುತ್ತಿದೆ. ದಿನಕ್ಕೆ ಹಲವು ಸಲ ಫೋನಿನಲ್ಲಿ "ಈಗ ಹೇಗಿದ್ದೀರಿ, ಏನು ಮಾಡುತ್ತಿದ್ದೀರಿ" ಎಂದು ಕೇಳಿ, ಪ್ರತಿಯೊಬ್ಬರ ಏರಿಳಿತವನ್ನೂ ಅವರದೇ ಹಿಂದಿನ ದಿನಗಳ ಜೊತೆ ಹೋಲಿಸುತ್ತಾರೆ. ಕಾಂಟ್ ಹೇಳಿದ ತೊಡಕು ಅಲ್ಲೂ ಇದೆ. ದಿನಕ್ಕೆ ಹಲವು ಸಲ ಕೇಳಿಸಿಕೊಂಡವರು ತಮ್ಮ ಮನಸ್ಸನ್ನು ಬೇರೆ ಥರ ಗಮನಿಸಲು ಶುರುಮಾಡಬಹುದು. ಅದಕ್ಕೇ ಕೆಲವು ಸಂಶೋಧಕರು, ಕೇಳುವುದರಿಂದಲೇ ಎಷ್ಟು ಬದಲಾವಣೆ ಆಗುತ್ತದೆ ಎಂಬುದನ್ನೂ ಅಳೆಯುತ್ತಿದ್ದಾರೆ.