ಕಾರಿಗೆ ತೂತು ಕೊರೆಯದೆ ಹ್ಯಾಮ್ ರೇಡಿಯೊ ಹಾಕಿಸಬಹುದಾ?

ಪ್ರಶ್ನೆ: ಹ್ಯಾಮ್ ಲೈಸೆನ್ಸ್ (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ಅನುಮತಿ) ಬಂತು. ಊರು ಕಲಬುರಗಿ. ಕಾರಿನಲ್ಲಿ 50 ವಾಟ್‌ನ ರೇಡಿಯೊ ಹಾಕಿಸುವ ಆಸೆ ಇದೆ. ಆದರೆ ಗಾಡಿ ಹೊಸದು, ಟಾಪ್‌ಗೆ ತೂತು ಹಾಕಿಸೋಕೆ ಮನಸ್ಸಿಲ್ಲ. ಮ್ಯಾಗ್ನೆಟ್ ಆಂಟೆನಾ ಇಟ್ಟು, ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ತಗೊಂಡರೆ ನಡೆಯುತ್ತಾ ಸರ್?

ಉತ್ತರ: ಮ್ಯಾಗ್ನೆಟ್ ಆಂಟೆನಾ ಧಾರಾಳವಾಗಿ ನಡೆಯುತ್ತೆ. ಲೈಟರ್ ಸಾಕೆಟ್ ಮಾತ್ರ ಬೇಡ. ಈ ಪ್ರಶ್ನೆ ಕೇಳುವವರೆಲ್ಲ ಆಂಟೆನಾ ಬಗ್ಗೆ ಜಾಸ್ತಿ ಚಿಂತೆ ಮಾಡ್ತಾರೆ, ವೈರ್ ಬಗ್ಗೆ ಕೇಳುವುದೇ ಕಡಿಮೆ. ಹಾಗಾಗಿ ವೈರ್‌ನಿಂದಲೇ ಶುರು ಮಾಡ್ತೇನೆ.

50 ವಾಟ್‌ನ ರೇಡಿಯೊ ಮಾತಾಡುವಾಗ ಹತ್ತು ಆಂಪ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ ಎಳೆಯುತ್ತೆ. ಲೈಟರ್ ಸಾಕೆಟ್‌ಗೆ ಹೋಗುವ ವೈರ್ ತೆಳು. ಅದರ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪ್‌ದು. ಪ್ಲಗ್ ಒಳಗೆ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ, ಅಷ್ಟೇ ಅದರ ಸಂಪರ್ಕ. ನನ್ನ ಮೊದಲ ರೇಡಿಯೊವನ್ನು ನಾನು ಹೀಗೇ ಹಾಕಿಸಿದ್ದೆ. ವೈರಿಂಗ್ ಮಾಡಿದವರು "ಏನೂ ಆಗಲ್ಲ ಅಣ್ಣಾ, ಆರಾಮ ನಡೀತದ" ಅಂದರು, ನಾನೂ ಒಪ್ಪಿಕೊಂಡೆ. ಸೇಡಂ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಗೆಳೆಯರ ಜೊತೆ ಮಾತಾಡುತ್ತಿದ್ದಾಗ "ನಿಮ್ಮ ದನಿ ಒಡೀತಿದೆ" ಅಂತ ಆ ಕಡೆಯಿಂದ ಪದೇಪದೇ ಹೇಳಿದರು. ಪ್ಲಗ್ ಮುಟ್ಟಿ ನೋಡಿದರೆ ಕೈ ಇಡೋಕಾಗದಷ್ಟು ಬಿಸಿ.

ಯಾಕೆ ಹೀಗಾಗುತ್ತೆ ಅಂದರೆ ಲೆಕ್ಕ ಸರಳ. ಬ್ಯಾಟರಿಯಿಂದ ರೇಡಿಯೊಗೆ ನಾಲ್ಕು ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರೋಕೆ ಎಂಟು ಮೀಟರ್ ವೈರ್. ಅದು 1.5 ಚದರ ಮಿ.ಮೀ. ದಪ್ಪದ್ದಾದರೆ ಹತ್ತು ಆಂಪ್ ಹರಿಯುವಾಗ ಸುಮಾರು ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತೆ. 4 ಚದರ ಮಿ.ಮೀ. ಹಾಕಿದರೆ 0.4 ವೋಲ್ಟ್ ಕೂಡ ಹೋಗಲ್ಲ. ಕಾರಿನ ಹೆಚ್ಚಿನ ಹ್ಯಾಮ್ ರೇಡಿಯೊಗಳಿಗೆ 13.8 ವೋಲ್ಟ್ ಬೇಕು, ಅದರಲ್ಲಿ ಶೇ. 15ರಷ್ಟು ಏರುಪೇರು ತಾಳಿಕೊಳ್ಳುತ್ತವೆ. ಅಂದರೆ ಕೆಳಗಿನ ಮಿತಿ 11.7. ಇಂಜಿನ್ ಬಂದ್ ಇದ್ದಾಗ ಬ್ಯಾಟರಿಯಲ್ಲಿ ಇರೋದೇ ಹನ್ನೆರಡೂವರೆ ಆಸುಪಾಸು. ಅದರಲ್ಲಿ ಒಂದು ವೋಲ್ಟ್ ಕಳೆದರೆ ರೇಡಿಯೊಗೆ ಸಾಲದು. ದನಿ ಒಡೆಯೋದು ಅದಕ್ಕೇ.

ಆದ್ದರಿಂದ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಇರಲಿ, ಒಂದು ಗೇಣಿನೊಳಗೆ. ರೇಡಿಯೊ ಪಕ್ಕದಲ್ಲಿ ಫ್ಯೂಸ್ ಹಾಕಿದರೆ ರೇಡಿಯೊ ಉಳಿಯಬಹುದು, ವೈರ್ ಉಳಿಯಲ್ಲ. ಬಾನೆಟ್ ಒಳಗೆ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗಿದರೆ ನೇರ ಬೆಂಕಿ. ಫ್ಯೂಸ್ ಹಾಕಿಸದೆ ಗಾಡಿಯನ್ನು ಮನೆಗೆ ತರಲೇಬೇಡಿ ಅಂತ ಕೈಮುಗಿದು ಕೇಳ್ತೇನೆ.

ಇಂಜಿನ್ ಕಡೆಯಿಂದ ಒಳಗೆ ವೈರ್ ತರೋಕೂ ಹೊಸ ತೂತು ಬೇಕಾಗಲ್ಲ. ಕಂಪನಿಯ ವೈರಿಂಗ್ ಹಾದು ಬರುವ ಜಾಗದಲ್ಲಿ ದಪ್ಪ ರಬ್ಬರ್ ಬುಶ್ ಇರುತ್ತೆ. ಬಹಳಷ್ಟು ಗಾಡಿಗಳಲ್ಲಿ ಅದರ ಪಕ್ಕದಿಂದಲೇ ಒಂದು ವೈರ್ ತೂರಿಸಬಹುದು. ನಿಮ್ಮದು ಹೊಸ ಗಾಡಿ ಅಂದಿರಿ. ಸಿಗ್ನಲ್‌ನಲ್ಲಿ ತಾನೇ ಬಂದ್ ಆಗಿ ತಾನೇ ಶುರುವಾಗುವ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಗೆ ಒಂದು ಚಿಕ್ಕ ಸೆನ್ಸರ್ ಕೂತಿರುತ್ತೆ. ಹಾಗಿದ್ದರೆ ರೇಡಿಯೊದ ಮೈನಸ್ ವೈರನ್ನು ಬ್ಯಾಟರಿ ತುದಿಗೆ ಕಟ್ಟಬೇಡಿ. ಬ್ಯಾಟರಿಯ ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟ್‌ಗೆ ಕಟ್ಟಿಸಿ. ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್‌ಗೆ ಬ್ಯಾಟರಿಯ ಲೆಕ್ಕ ತಪ್ಪುತ್ತೆ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಒಂದು ಮಾತು ಕೇಳಿಕೊಳ್ಳಿ.

ಈಗ ಆಂಟೆನಾ. ನಿಮಗೆ ಕಾಣುವ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದ ಅರ್ಧ ಗಾಡಿಯ ಟಾಪ್. ಕಡ್ಡಿಯ ಕೆಳಗೆ ನಾಲ್ಕೂ ಕಡೆ ಲೋಹದ ತಗಡು ಹರಡಿರಬೇಕು. ಅದಕ್ಕೇ ಟಾಪ್‌ನ ನಟ್ಟನಡುವೆ ಇಡಿ ಅನ್ನೋದು. ಡಿಕ್ಕಿ ಮೇಲೋ ಬಾನೆಟ್ ಅಂಚಿಗೋ ಇಟ್ಟರೆ ಕೆಲಸ ಮಾಡುತ್ತೆ, ಆದರೆ ಒಂದು ದಿಕ್ಕಿಗೆ ಚೆನ್ನಾಗಿ ಕೇಳಿ ಇನ್ನೊಂದು ದಿಕ್ಕಿಗೆ ಸೊರಗುತ್ತೆ. ಮ್ಯಾಗ್ನೆಟ್ ತಳ ಬಣ್ಣದ ಮೇಲೆ ಕೂತಿದ್ದರೂ ತಗಡಿನ ಜೊತೆ ಕೆಪ್ಯಾಸಿಟರ್ ಥರ ಸೇರಿಕೊಳ್ಳುತ್ತೆ, ಬಣ್ಣ ಕೆರೆಯಬೇಕಿಲ್ಲ. ಟಾಪ್ ತುಂಬ ಗಾಜಿರುವ ಸನ್‌ರೂಫ್ ಗಾಡಿಯಾದರೆ ಹಿಂದಿನ ತಗಡಿನ ಪಟ್ಟಿಯಲ್ಲಿ ಜಾಗ ಹುಡುಕಬೇಕಾಗುತ್ತೆ.

ಎಷ್ಟು ಉದ್ದದ ಕಡ್ಡಿ? ಹ್ಯಾಮ್‌ಗಳು ಕಾರಿನಲ್ಲಿ ಹೆಚ್ಚಾಗಿ ಬಳಸುವ 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಕಡ್ಡಿ, ಅಂದರೆ ರೇಡಿಯೊ ಅಲೆಯ ಉದ್ದದ ಹೆಚ್ಚುಕಡಿಮೆ ಕಾಲು ಭಾಗದ್ದು, ಸುಮಾರು 49 ಸೆಂ.ಮೀ. ಎಂಟರಲ್ಲಿ ಐದು ಭಾಗ ಅಲೆಯ ಕಡ್ಡಿ ಒಂದೂಕಾಲು ಮೀಟರ್ ಹತ್ತಿರ ಬರುತ್ತೆ. ನಮ್ಮ ಎರೆಭೂಮಿ ಬಯಲಿನಲ್ಲಿ ಉದ್ದ ಕಡ್ಡಿಗೆ ಸ್ವಲ್ಪ ಲಾಭ ಇದೆ, ಯಾಕಂದರೆ ಅದು ಸಿಗ್ನಲನ್ನು ನೆಲಮಟ್ಟಕ್ಕೆ ಹೆಚ್ಚು ತಳ್ಳುತ್ತೆ. ಆದರೂ ನಾನು ಗಿಡ್ಡದ್ದನ್ನೇ ಹೇಳ್ತೇನೆ. ರಸ್ತೆ ಬದಿಯ ಬೇವಿನ ಕೊಂಬೆ, ರೈಲ್ವೆ ಅಂಡರ್‌ಬ್ರಿಡ್ಜ್, ಅಪಾರ್ಟ್‌ಮೆಂಟ್ ಪಾರ್ಕಿಂಗ್ ಎಲ್ಲದರ ಕೆಳಗೂ ದಿನಾ ಹೋಗಿ ಬರಬೇಕಲ್ವಾ?

ದೂರದ ಬಗ್ಗೆ ಆಸೆ ಅಳತೆಯಲ್ಲಿರಲಿ. ಎರಡು ಕಾರುಗಳ ಆಂಟೆನಾ ತಲಾ ಎರಡು ಮೀಟರ್ ಎತ್ತರದಲ್ಲಿದ್ದರೆ ಬಯಲಿನಲ್ಲಿ ಸುಮಾರು 11–12 ಕಿ.ಮೀ. ಆ ಕಡೆಯವರ ಆಂಟೆನಾ 15 ಮೀಟರ್ ಎತ್ತರದ ಮನೆ ಮಾಳಿಗೆ ಮೇಲಿದ್ದರೆ 22 ಕಿ.ಮೀ. ಆಸುಪಾಸು. ಜೇವರ್ಗಿ ಇಲ್ಲಿಂದ 40 ಕಿ.ಮೀ., ಅಲ್ಲಿಂದ ಮನೆಗೆ ನೇರ ಮಾತು ಸಿಗುತ್ತೆ ಅಂತ ಮನೆಯವರಿಗೆ ಮಾತು ಕೊಡಬೇಡಿ. ಇಲ್ಲಿ ವಾಟ್‌ಗಿಂತ ಎತ್ತರ ದೊಡ್ಡದು.

ಕೇಬಲ್ಲನ್ನು ಹಿಂದಿನ ಬಾಗಿಲಿನ ರಬ್ಬರ್ ಕೆಳಗಿಂದ ಒಳಗೆ ತನ್ನಿ. ಹೊರಗೆ ಒಂದು ಸಣ್ಣ ಬಳುಕು ಕೆಳಗೆ ಇಳಿಬಿಟ್ಟರೆ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಹರಿಯಲ್ಲ. ಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ ಒಳಗೆ ಏರ್‌ಬ್ಯಾಗ್ ಇರಬಹುದು. ಅದರ ಮುಂದೆ ಕೇಬಲ್ ಬೇಡ. ಡ್ಯಾಶ್‌ಬೋರ್ಡ್‌ನ ಏರ್‌ಬ್ಯಾಗ್ ಮುಚ್ಚಳದ ಮೇಲೆ ರೇಡಿಯೊವನ್ನೂ ಕೂರಿಸಬೇಡಿ.

ಕಡ್ಡಿ ಕೂರಿಸಿದ ಮೇಲೆ ಎಸ್‌ಡಬ್ಲ್ಯುಆರ್ ನೋಡಲೇಬೇಕು. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ರೇಡಿಯೊಗೆ ವಾಪಸ್ ಬರುತ್ತೆ ಅಂತ ಹೇಳುವ ಅಳತೆ ಅದು. 1.5ರ ಒಳಗೆ ಬಂದರೆ ನೂರರಲ್ಲಿ ನಾಲ್ಕು ಪಾಲು ಮಾತ್ರ ವಾಪಸ್ ಬರುತ್ತೆ. 3 ತೋರಿಸಿದರೆ ಇಪ್ಪತ್ತೈದು ಪಾಲು ವಾಪಸ್, ಆಗ ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಬೇಡಿ. ಅದನ್ನು ಇಳಿಸೋಕೆ ಕಡ್ಡಿ ಕತ್ತರಿಸಬೇಕಾದರೆ ಒಂದೊಂದೇ ಮಿಲಿಮೀಟರ್ ತೆಗೆಯಿರಿ. ಕತ್ತರಿಸಿದ್ದು ಮತ್ತೆ ಬೆಳೆಯಲ್ಲ.

ನಮ್ಮ ಬಿಸಿಲು, ನಮ್ಮ ಧೂಳು ಎರಡಕ್ಕೂ ತಯಾರಿ ಬೇಕು. ಧೂಳಿರುವ ಟಾಪ್ ಮೇಲೆ ಮ್ಯಾಗ್ನೆಟ್ ಇಟ್ಟು ಎಳೆದರೆ ಬಣ್ಣ ಗೀರುತ್ತೆ. ಎರಡನ್ನೂ ಒರೆಸಿ ಇಡಿ, ತೆಗೆಯುವಾಗ ಸರಿಸದೆ ವಾಲಿಸಿ ಎತ್ತಿ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಮುಚ್ಚಿದ ಕಾರಿನ ಒಳಗೆ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ಮುಂಭಾಗ ಬಿಚ್ಚಿ ಬರುವ ರೇಡಿಯೊ ತಗೊಳ್ಳಿ. ದೊಡ್ಡ ಭಾಗ ಸೀಟಿನ ಕೆಳಗೆ ಗಾಳಿ ಆಡುವಂತೆ ಕೂರಲಿ, ಮುಂಭಾಗವನ್ನು ಬಿಚ್ಚಿ ಮನೆಗೆ ತನ್ನಿ.

ಇಷ್ಟೆಲ್ಲ ಮಾಡೋಕೆ ಈಗಲೇ ಆಗಲ್ಲ ಅಂದರೆ ಇನ್ನೊಂದು ದಾರಿ ಇದೆ. 5 ವಾಟ್‌ನ ಕೈ ರೇಡಿಯೊಗೆ ಟಾಪ್ ಮೇಲಿನ ಆಂಟೆನಾ ಜೋಡಿಸಿ. ಕಾರಿನ ತಗಡಿನೊಳಗೆ ಸಿಕ್ಕಿಕೊಂಡಿದ್ದ ಸಿಗ್ನಲ್ ಹೊರಗೆ ಬರುತ್ತೆ. ಅದನ್ನು ಚಾರ್ಜ್ ಮಾಡೋಕೆ ಲೈಟರ್ ಸಾಕೆಟ್ ಸಾಕು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹಳ್ಳಿಗಳನ್ನು ಸುತ್ತುವರಿದಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಮನೆ ಕರೆಂಟ್ ನಂಬದೆ, ಎಲ್ಲಿ ಬೇಕೋ ಅಲ್ಲಿಗೆ ಹೋಗಿ ನಿಲ್ಲುವ ಒಂದು ರೇಡಿಯೊ ನಮ್ಮ ಸೀಮೆಗೆ ಬೇಕು. 5 ವಾಟ್ ಆದರೂ ಸರಿ.

ಎಲ್ಲ ಮುಗಿದ ಮೇಲೆ ಲೈಸೆನ್ಸ್ ಪ್ರತಿ ಗಾಡಿಯಲ್ಲಿಟ್ಟುಕೊಂಡು, ಹುಮನಾಬಾದ್ ರಸ್ತೆಯಲ್ಲಿ ಊರು ದಾಟಿ ಪಕ್ಕಕ್ಕೆ ನಿಲ್ಲಿಸಿ. ಇಂಜಿನ್ ಬಂದ್ ಮಾಡಿ ಒಂದು ಸಲ, ಚಾಲೂ ಮಾಡಿ ಇನ್ನೊಂದು ಸಲ ಮಾತಾಡಿ. ಎಕ್ಸಲರೇಟರ್ ಒತ್ತಿದಂತೆ ಕುಯ್ಯ್ ಅನ್ನುವ ಸದ್ದು ಏರಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ದು. ಆಗ ಮೊದಲು ಮೈನಸ್ ವೈರಿನ ಬೋಲ್ಟ್ ಬಿಗಿಯಾಗಿದೆಯಾ ನೋಡಿ.